ಕೌದಿ, ಕೀಮೋ ಮತ್ತು ಒಂದು ಗಂಟು ಹಳೇ ಬಟ್ಟೆ

ಬರೆಯದೆ ಬಹಳ ದಿನವಾಯ್ತು. ಕಾರಣ ಕೆಲವರಿಗೆ ಗೊತ್ತು. ಗೊತ್ತಿಲ್ಲದವರಿಗೆ ನಾಲ್ಕು ಸಾಲಿನಲ್ಲಿ ಹೇಳಿ ಮುಂದೆ ಹೋಗ್ತೀನಿ. 2023ರ ಆಗಸ್ಟ್‌ನಲ್ಲಿ ನನಗೆ ಎಡ ಎದೆಯ ಕ್ಯಾನ್ಸರ್ ಅಂತ ಗೊತ್ತಾಯ್ತು. ಸೆಪ್ಟೆಂಬರಿನಲ್ಲಿ ಆಪರೇಶನ್, ಆಮೇಲೆ ಆರು ತಿಂಗಳು ಕೀಮೋ, ಕೊನೆಗೆ 15 ಸಲ ಕರೆಂಟ್ (ರೇಡಿಯೇಶನ್‌ಗೆ ನಮ್ಮ ಜನ ಹಾಗೇ ಅನ್ನೋದು). 2024ರ ಮೇ ಹೊತ್ತಿಗೆ ದೊಡ್ಡ ಚಿಕಿತ್ಸೆಯೆಲ್ಲ ಮುಗೀತು. ಈಗ ದಿನಕ್ಕೊಂದು ಮಾತ್ರೆ, ಆಗಾಗ ತಪಾಸಣೆ. ಆರಾಮ ಇದ್ದೀನಿ.

ಇವತ್ತು ಹೇಳಬೇಕಾಗಿದ್ದು ಅದಲ್ಲ, ಕೌದಿ ವಿಷಯ. ಇನ್ನೂ ಸರಿಯಾಗಿ ಹೇಳಬೇಕಂದ್ರೆ ಒಂದು ಗಂಟು ಹಳೇ ಬಟ್ಟೆಯ ವಿಷಯ. ಆ ಗಂಟಿನ ಸಲುವಾಗಿ ನಮ್ಮ ಮನೆಯಲ್ಲಿ ಮಾತು ಬಿಡುವಷ್ಟು ಜಗಳ ಆಯ್ತು. ಜಗಳ ಮುಗಿದಿದೆ, ಆದರೆ ನನ್ನ ತಲೆಯಲ್ಲಿ ಇನ್ನೂ ಮುಗಿದಿಲ್ಲ. ಅದಕ್ಕೇ ಬರೀತಿದ್ದೀನಿ.

ಬೆಂಗಳೂರು ಮೈಸೂರು ಕಡೆಯವರಿಗೆ ಮೊದಲು ಕೌದಿ ಅಂದ್ರೆ ಏನು ಅಂತ ಹೇಳಿಬಿಡಬೇಕು. ಹಳೇ ಸೀರೆ, ಧೋತ್ರ, ಲುಂಗಿ, ಹರಿದ ಅಂಗಿ, ಇವನ್ನೆಲ್ಲ ಪದರ ಪದರವಾಗಿ ಹಾಸಿ, ಮೇಲೆ ಬಣ್ಣ ಬಣ್ಣದ ತುಂಡು ಜೋಡಿಸಿ, ಇಡೀ ಹಾಸಿಗೆಗೆ ಅಂಚಿನಿಂದ ಸಾಲು ಸಾಲಾಗಿ ಕೈಯಲ್ಲಿ ಹೊಲಿದರೆ ಅದು ಕೌದಿ. ಒಳಗೆ ಹತ್ತಿ ತುಂಬೋದಿಲ್ಲ, ಬಟ್ಟೆಯೇ ಹತ್ತಿ. ಚಳಿಗಾಲಕ್ಕೆ ಹೊದಿಯಬಹುದು, ಬೇಸಿಗೆಗೆ ಮಾಳಿಗೆ ಮೇಲೆ ಹಾಸಬಹುದು, ಬೇಕಾದಾಗ ಒಗೆಯಬಹುದು. ನಾನು ಸಣ್ಣವಳಿದ್ದಾಗ ಸುಗ್ಗಿ ಮುಗಿದ ಮೇಲೆ ಕೌದಿ ಹೊಲಿಯುವ ಹೆಂಗಸರು ಊರಿಗೆ ಬರೋರು. ಅಜ್ಜಿ ವರ್ಷವಿಡೀ ಕೂಡಿಟ್ಟ ಬಟ್ಟೆ ಗಂಟನ್ನು ಪಡಸಾಲೆಗೆ ತಂದು ಹಾಕೋಳು. ಮೂರ್ನಾಲ್ಕು ದಿನ ಕೂತು ಹೊಲಿದು, ಜೋಳ, ಒಂದಿಷ್ಟು ರೊಕ್ಕ, ಒಂದು ಹಳೇ ಸೀರೆ ಇಸಗೊಂಡು ಮುಂದಿನ ಊರಿಗೆ ಹೋಗೋರು. ನಮ್ಮಮ್ಮನ ಬಾಣಂತನಕ್ಕೆ ಹೊಲಿದ ಕೌದಿಯಲ್ಲಿ ಅಜ್ಜನ ಧೋತ್ರ ಇತ್ತಂತೆ, ಅಜ್ಜಿಯ ಪತ್ತಲ ಇತ್ತಂತೆ. ನಾನು ಅದರ ಮೇಲೇ ಬೆಳೆದವಳು.

ಆದರೆ ನಾನು ಹೊಲಿಗೆ ಕಲಿತಿದ್ದು ಅಜ್ಜಿಯಿಂದಲ್ಲ, ಯೂಟ್ಯೂಬಿನಿಂದ. ಹೇಳೋಕೆ ಸ್ವಲ್ಪ ನಾಚಿಕೆ, ಆದರೂ ನಿಜ. ಮಗ ಓದೋಕೆ ಅಂತ ಹೊರಗೆ ಹೋದ ಮೇಲೆ ಮಧ್ಯಾಹ್ನ ಹೊತ್ತು ಹೋಗದೆ ಶುರು ಮಾಡಿದ್ದು. ಅಮೆರಿಕದ ಹೆಂಗಸರ ಕ್ವಿಲ್ಟಿಂಗ್ ವಿಡಿಯೋ ನೋಡಿ ನೋಡಿ, ಚಕ್ರದ ಥರದ ಕತ್ತರಿ, ಅಡಿಗೆ ಹಾಸೋ ಹಸಿರು ಮ್ಯಾಟು, ಇಂಚು ಗೆರೆಯ ಪ್ಲಾಸ್ಟಿಕ್ ಪಟ್ಟಿ ಎಲ್ಲ ತರಿಸಿಕೊಂಡೆ. ಹೊಸ ಬಟ್ಟೆ ಕೊಂಡು, ಅದನ್ನು ಚೌಕ ಚೌಕ ಕತ್ತರಿಸಿ, ಮತ್ತೆ ಜೋಡಿಸಿ ಹೊಲಿಯೋದು! ನಮ್ಮತ್ತೆ ಇದ್ದಾಗ ಒಮ್ಮೆ ನೋಡಿ, "ಛಲೋ ಅರಿವಿ ಯಾಕ ಕತ್ತರಿಸಲಿಕ್ಕತ್ತೀ, ಹುಚ್ಚಿ" ಅಂದಿದ್ರು. ಅವರ ಮಾತಿನಲ್ಲಿದ್ದ ತರ್ಕ ನನಗೆ ಆಗ ಹೊಳೆಯಲಿಲ್ಲ. ಬಣ್ಣಕ್ಕೆ ಬಣ್ಣ ಹೊಂದಿಸೋದೇ ನನಗೆ ದೊಡ್ಡ ಕಲೆಯಾಗಿತ್ತು. ಬಟ್ಟೆಯನ್ನು ಕಣ್ಣಲ್ಲಿ ಆರಿಸ್ತಿದ್ದೆ, ಫೋನಿನ ಪರದೆ ಮೇಲೆ ನೋಡಿ ಕೂಡ.

ಕಾಯಿಲೆ ಬಂದ ಮೇಲೆ ಆ ಕಪಾಟು ಮುಚ್ಚಿದ್ದು, ಸುಮಾರು ಒಂದು ವರ್ಷ ತೆಗೀಲಿಲ್ಲ.

ತೆಗೆಯೋಕೆ ಆಗ್ತಾನೂ ಇರಲಿಲ್ಲ. ಕೀಮೋದ ಮೊದಲ ನಾಲ್ಕು ಡೋಸು ಮೂರು ವಾರಕ್ಕೊಮ್ಮೆ, ಕೆಂಪು ಔಷಧಿ. ಆಮೇಲಿನ ಹನ್ನೆರಡು ವಾರಕ್ಕೊಂದು, ಪ್ಯಾಕ್ಲಿಟ್ಯಾಕ್ಸೆಲ್ ಅಂತ. ಕೆಂಪಿನದು ವಾಂತಿ, ಕೂದಲು ಹೋಗೋದು, ನಿಶ್ಶಕ್ತಿ. ಎಲ್ಲರೂ ಹೆದರಿಸೋದು ಅದನ್ನೇ. ಎರಡನೆಯದರ ಬಗ್ಗೆ "ಇದು ಹಗುರ ಇರ್ತದ" ಅಂದಿದ್ರು. ಹಗುರವಾಗೇ ಇತ್ತು. ಆದರೆ ಏಳನೆಯದೋ ಎಂಟನೆಯದೋ ವಾರದಲ್ಲಿ ಬೆರಳ ತುದಿ ಜೋಮು ಹಿಡಿದ ಹಾಗೆ ಆಯ್ತು. ಮೊದಲು ಕಾಲು, ಆಮೇಲೆ ಕೈ. ಇದು ಈ ಔಷಧಿಯ ಗೊತ್ತಿರುವ ಅಡ್ಡಪರಿಣಾಮ. ತುದಿಬೆರಳಿನ ನರಕ್ಕೆ ಪೆಟ್ಟು ಬೀಳುತ್ತೆ. ಬಹಳ ಜನರಿಗೆ ತಿಂಗಳುಗಟ್ಟಲೆ ಹಿಡಿದು ನಿಧಾನಕ್ಕೆ ಕಡಿಮೆಯಾಗುತ್ತೆ, ಕೆಲವರಿಗೆ ಪೂರ್ತಿ ಹೋಗೋದೇ ಇಲ್ಲ. ಜಂಪರಿನ ಹುಕ್ಕು ಹಾಕಿಕೊಳ್ಳೋಕೆ ಆಗ್ತಿರಲಿಲ್ಲ. ತರಕಾರಿಯವನಿಗೆ ಎರಡು ರೂಪಾಯಿ ನಾಣ್ಯ ಕೊಡೋಕೆ ಪರ್ಸಿನಲ್ಲಿ ಕೈ ಹಾಕಿದ್ರೆ ನಾಣ್ಯ ಯಾವುದು, ಗುಂಡಿ ಯಾವುದು ತಿಳೀತಿರಲಿಲ್ಲ. ಸೂಜಿ ಹಿಡಿದಿದ್ದೀನೋ ಬಿಟ್ಟಿದ್ದೀನೋ ಅಂತ ಕಣ್ಣಿಟ್ಟು ನೋಡಬೇಕು.

ಜೊತೆಗೆ ಎಡಗೈ ಬೇರೆ. ಆಪರೇಶನ್ನಿನಲ್ಲಿ ಕಂಕುಳಿನ ಗಂಟುಗಳನ್ನೂ ತೆಗೆದಿರೋದ್ರಿಂದ ಆ ಕೈ ಬಾತುಕೊಳ್ಳುವ ಸಂಭವ ಇರುತ್ತೆ. ಗಾಯ ಆಗಿ ಸೋಂಕು ತಗುಲಿದ್ರೆ ಇನ್ನೂ ಕಷ್ಟ. "ಹೊಲಿಬಹುದಾ?" ಅಂತ ಹೆದರುತ್ತಾ ಕೇಳಿದೆ. ಫಿಜಿಯೋಥೆರಪಿ ಹುಡುಗಿ ನಕ್ಕು, "ಹೊಲೀರಿ ಆಂಟಿ, ಆದ್ರ ಬೆರಳಿಗೆ ಟೊಪ್ಪಿಗಿ ಹಾಕ್ಕೊಂಡು ಹೊಲೀರಿ. ಇಪ್ಪತ್ತು ನಿಮಿಷ ಆದ ಮ್ಯಾಲೆ ಎದ್ದು ಕೈ ಆಡಸ್ರಿ" ಅಂದ್ಲು. ಟೈಲರುಗಳು ಬೆರಳಿಗೆ ಹಾಕಿಕೊಳ್ಳುವ ಆ ಲೋಹದ ಟೊಪ್ಪಿಗೆಯನ್ನು ನಾನು ಹತ್ತು ವರ್ಷದಲ್ಲಿ ಒಮ್ಮೆಯೂ ಹಾಕಿಕೊಂಡಿರಲಿಲ್ಲ. ಈಗ ಎಡಗೈಯ ಎರಡು ಬೆರಳಿಗೂ ಹಾಕಿಕೊಂಡೇ ಕೂರೋದು. ಮೊಮ್ಮಗು ಬಂದ್ರೆ ಅದರಿಂದ ಟಿಕ್ ಟಿಕ್ ಅಂತ ತಾಳ ಹಾಕಿ ತೋರಿಸಬಹುದು ಅನ್ನೋದು ಹೆಚ್ಚಿನ ಲಾಭ :)

ಕಾಯಿಲೆ ಬಿದ್ದವರಿಗೆ ಜನ ಏನೇನು ಕೊಡ್ತಾರೆ ಅನ್ನೋದರ ಬಗ್ಗೆಯೇ ಬೇರೆ ಬರೆಯಬಹುದು. ಬಣ್ಣ ತುಂಬೋ ಪುಸ್ತಕ ಮೂರು ಬಂದವು. "ಮನಸ್ಸಿಗೆ ಛಲೋ" ಅಂತ ಒಬ್ಬರು ಕ್ವಿಲ್ಟಿಂಗ್ ಕಿಟ್ಟನ್ನೇ ಕಳಿಸಿದ್ರು. ಮೊದಲೇ ಕತ್ತರಿಸಿದ ತುಂಡುಗಳು, ಬಣ್ಣ ಮೊದಲೇ ಹೊಂದಿಸಿಟ್ಟಿದ್ದು, ಎಲ್ಲಿ ಯಾವುದು ಅಂತ ನಂಬರು ಹಾಕಿದ್ದು. ಪ್ರೀತಿಯಿಂದ ಕೊಟ್ಟಿದ್ದು, ಇಲ್ಲ ಅನ್ನೋದಿಲ್ಲ. ಆದ್ರೆ ಒಂದು ಮಾತು ಹೇಳಲೇಬೇಕು. ಆ ಒಂದು ವರ್ಷದಲ್ಲಿ ನನ್ನ ಬದಲು ಎಲ್ಲರೂ ಎಲ್ಲವನ್ನೂ ಆರಿಸಿಬಿಟ್ಟಿದ್ರು. ಏನು ಉಣ್ಣಬೇಕು, ಯಾವಾಗ ಮಲಗಬೇಕು, ಯಾರು ನೋಡೋಕೆ ಬರಬಹುದು, ಯಾರು ಬರಬಾರದು... ಕೊನೆಗೆ ಬಟ್ಟೆ ತುಂಡಿಗೂ ನಂಬರು! ಆ ಕಿಟ್ಟು ಇನ್ನೂ ಬಿಚ್ಚಿಲ್ಲ.

ಸರಿ, ಬಟ್ಟೆ ಆರಿಸೋದಕ್ಕೆ ಬರ್ತೀನಿ.

ಕರೆಂಟ್ ಕೊಡುವಾಗ ಎರಡನೇ ವಾರಕ್ಕೆ ಎದೆಯ ಚರ್ಮ ಬಿಸಿಲಿಗೆ ಸುಟ್ಟ ಹಾಗೆ ಕೆಂಪಾಗಿ ಉರಿಯೋಕೆ ಶುರುವಾಯ್ತು. ಬಿಗಿ ಬಟ್ಟೆ ಹಾಕಬೇಡಿ, ಸಡಿಲವಾದ ಮೆತ್ತನೆ ಹತ್ತಿ ಬಟ್ಟೆ ಹಾಕಿ ಅಂದ್ರು. ಮನೆಯಲ್ಲಿದ್ದ "ಪ್ಯೂರ್ ಕಾಟನ್" ನೈಟಿಗಳೆಲ್ಲ ಮೈಗೆ ಮುಳ್ಳು. ಹೊಸ ಹತ್ತಿಗೆ ಗಂಜಿ ಇರುತ್ತೆ, ಹೊಲಿಗೆಯ ಅಂಚು ಒತ್ತುತ್ತೆ. ಕೊನೆಗೆ ಟ್ರಂಕಿನ ತಳದಿಂದ ಮಾವನವರ ಒಂದು ಧೋತ್ರ ತೆಗೆದು, ಎರಡು ತುಂಡು ಮಾಡಿ, ಸುಮ್ಮನೆ ಮೈಮೇಲೆ ಹೊದ್ದುಕೊಂಡೆ. ಮೂವತ್ತು ವರ್ಷ ಒಗೆದು ಒಗೆದು ಜಾಳಾದ ಧೋತ್ರ. ಮೈಮೇಲೆ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಆ ರಾತ್ರಿ ನಿದ್ದೆ ಬಂತು.

ಕೌದಿಗೆ ಯಾಕೆ ಹಳೇ ಬಟ್ಟೆಯನ್ನೇ ಹಾಕ್ತಾರೆ ಅಂತ ಐವತ್ತೆರಡನೇ ವಯಸ್ಸಿಗೆ ಅರ್ಥ ಆಯ್ತು ನೋಡಿ. ಬಡತನ ಇತ್ತು, ಕಾಟಕಸರು ಇತ್ತು, ಅದು ಸರಿ. ಆದ್ರೆ ಅಷ್ಟೇ ಅಲ್ಲ. ನೂರಾರು ಸಲ ನೀರು, ಕಲ್ಲು, ಬಿಸಿಲು ಕಂಡ ಮೇಲೆ ಹತ್ತಿಯ ಬಿರುಸು ಹೋಗುತ್ತೆ, ನೂಲು ಸಡಿಲಾಗುತ್ತೆ, ಸೂಜಿ ಸಲೀಸಾಗಿ ಹಾಯುತ್ತೆ. ಐದಾರು ಪದರ ಹೊಸ ಪಾಪ್ಲಿನ್ ಇಟ್ಟು ಕೈಯಲ್ಲಿ ಹೊಲಿದು ನೋಡಿ, ಬೆರಳು ನೋವಿನಿಂದ ಸೂಜಿ ಬಿಟ್ಟೇಬಿಡ್ತೀರಿ. ಅಜ್ಜಿಯ ಕಾಲದವರಿಗೆ ಇದು ಹೇಳಿಕೊಡಬೇಕಾದ ವಿಷಯವೇ ಆಗಿರಲಿಲ್ಲ.

2024ರ ದೀಪಾವಳಿ ಕಳೆದ ಮೇಲೆ ಕಪಾಟು ತೆಗೆದೆ. ಹೊಸ ಬಟ್ಟೆ ಮುಟ್ಟಲಿಲ್ಲ. ಹಳೇ ಸೀರೆ, ಚಾದರ, ಮಗನ ಶಾಲೆಯ ಅಂಗಿ, ಎಲ್ಲ ಹಾಸಿಗೆ ಮೇಲೆ ಹರವಿಕೊಂಡು ಆರಿಸೋಕೆ ಕೂತೆ. ತಮಾಷೆ ಅಂದ್ರೆ ಬಟ್ಟೆಯನ್ನು ಮುಟ್ಟಿ ನೋಡುವ ಬೆರಳೇ ನನಗಿಲ್ಲ! ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದ್ರೆ ರೇಷ್ಮೆನೂ ಒಂದೇ, ಗೋಣಿನೂ ಒಂದೇ. ಸುಮ್ಮನೆ ಒಂದು ತುಂಡನ್ನು ಕೆನ್ನೆಗೆ ಒತ್ತಿಕೊಂಡೆ. ಗೊತ್ತಾಯ್ತು! ಕೆನ್ನೆಗೆ ಏನೂ ಆಗಿರಲಿಲ್ಲ. ಒಂದೊಂದೇ ಬಟ್ಟೆಯನ್ನು ಕೆನ್ನೆಗೆ ಹಿಡಿದು, ಇದು ಹೌದು, ಇದು ಬೇಡ ಅಂತ ಎರಡು ಗುಂಪು ಮಾಡಿದೆ. ಒಳಗೆ ಬಂದ ನಮ್ಮವರು ಬಾಗಿಲಲ್ಲೇ ನಿಂತುಬಿಟ್ರು. ಹೆಂಡತಿ ಹಳೇ ಅರಿವಿ ಮುಖಕ್ಕೆ ಒತ್ತಿಕೊಂಡು ಅಳ್ತಿದ್ದಾಳೆ ಅಂದುಕೊಂಡ್ರಂತೆ.

ಕೆನ್ನೆಗೆ ಎಲ್ಲಕ್ಕಿಂತ ಮೊದಲು ಸಿಕ್ಕಿಬೀಳೋದು ಪಾಲಿಯೆಸ್ಟರ್. ಜಾರುತ್ತೆ, ಬೇಗ ಬಿಸಿಯಾಗುತ್ತೆ. ಈಗ ಮನೆಮನೆಯಲ್ಲಿ ಇರೋದು ಸಿಂಥೆಟಿಕ್ ಸೀರೆಗಳೇ ಆದ್ದರಿಂದ ಈಚಿನ ಕೌದಿಗಳಲ್ಲಿ ಅವೇ ತುಂಬಿರುತ್ತವೆ. ನೋಡೋಕೆ ಫಳಫಳ, ಹೊದ್ದರೆ ಬೆವರು, ಪದರಗಳು ಒಂದರ ಮೇಲೊಂದು ನಿಲ್ಲೋದಿಲ್ಲ. ಅನುಮಾನ ಬಂದ್ರೆ ಅಂಚಿನಿಂದ ಒಂದು ನೂಲು ಎಳೆದು ಕಡ್ಡಿ ಗೀರಿ ನೋಡಿ. ಹತ್ತಿಯಾದ್ರೆ ಕಾಗದದ ಹಾಗೆ ಉರಿದು ಬೂದಿ ಆಗುತ್ತೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿ ಆಗುತ್ತೆ. ಟೆರಿಕಾಟ್ ಎರಡೂ ಸೇರಿದ ಬಟ್ಟೆ, ಉರಿಯೋದೂ ಉಂಟು, ಕರಗೋದೂ ಉಂಟು. ಇಳಕಲ್ ಸೀರೆಯಲ್ಲೂ ಈಗ ಒಡಲು ಹತ್ತಿನೋ ಅಲ್ಲವೋ ಅಂತ ನೋಡೇ ಹಾಕಬೇಕು. ಅವ್ವನ ಕಾಲದ್ದಾದ್ರೆ ಚಿಂತೆಯಿಲ್ಲ. ಒಡಲು ಹತ್ತಿ, ಸೆರಗು ರೇಷ್ಮೆ. ಸೆರಗು ಮೊದಲು ಹರಿಯುತ್ತೆ, ಒಡಲು ಇನ್ನೊಂದು ಜನ್ಮಕ್ಕೂ ಸಾಕು.

ಬಣ್ಣದ ಕಥೆಯೇ ಬೇರೆ. ನನಗೆ ಕೆಂಪು ಅಂದ್ರೆ ಪ್ರಾಣ ಆಗಿತ್ತು. ಗುಳೇದಗುಡ್ಡದ ಕೆಂಪು ಖಣದ ತುಂಡುಗಳನ್ನು ಒಂದು ಡಬ್ಬಿ ತುಂಬ ಕೂಡಿಟ್ಟಿದ್ದೆ. ಆ ಡಬ್ಬಿ ತೆಗೆದ ತಕ್ಷಣ ಹೊಟ್ಟೆ ತೊಳಸಿ ಬಂತು. ಕೀಮೋದ ಆ ಮೊದಲ ಔಷಧಿ ಇರೋದು ಥೇಟ್ ಶರಬತ್ತಿನ ಕೆಂಪು. ನಳಿಗೆಯಲ್ಲಿ ಇಳಿದು ಬರೋದನ್ನು ನೋಡ್ತಾ ಕೂತಿರಬೇಕು. ಆಮೇಲೆ ಒಂದು ದಿನ ಮೂತ್ರವೂ ಅದೇ ಬಣ್ಣ. ಮೈ ಮರೀತಿಲ್ಲ ಅದನ್ನು. ಡಬ್ಬಿ ಮುಚ್ಚಿಟ್ಟೆ. ಇಂಥದ್ದು ನನಗೊಬ್ಬಳಿಗೇ ಏನೋ ಅಂದುಕೊಂಡಿದ್ದೆ. ವಾರ್ಡಿನಲ್ಲಿ ಪರಿಚಯವಾದ ಒಬ್ಬರಿಗೆ ಆಸ್ಪತ್ರೆ ಪರದೆಯ ಹಸಿರು ಸೀರೆ ಉಡೋಕಾಗಲ್ಲವಂತೆ.

ಇನ್ನು ಲೆಕ್ಕ. ಕೀಮೋ ಆದ ಮೇಲೆ ತಲೆ ಮಂಜು ಮಂಜು. ಹೆಸರು ಮರೆಯೋದು, ಹಾಲು ಉಕ್ಕಿಸೋದು ಬಿಡಿ, ಐದಿಂಚಿನ ಚೌಕ ಎಷ್ಟು ಬೇಕು ಅಂತ ಗುಣಿಸೋಕೆ ಹೋದ್ರೆ ಮೂರು ಸಲ ಮೂರು ಉತ್ತರ. ಯೂಟ್ಯೂಬ್ ವಿದ್ಯೆ ಅಲ್ಲಿಗೆ ಮುಗೀತು. ಆಗ ನೆನಪಾಗಿದ್ದು ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕೌದಿ. ಅವರು ಕವಂದಿ ಅಂತಾರೆ. ಧಾರವಾಡದಲ್ಲಿ ಒಂದು ಮೇಳದಲ್ಲಿ ನೋಡಿದ್ದೆ. ಚಿತ್ರ ಬರೆಯೋದಿಲ್ಲ, ಅಳತೆ ಹಾಕೋದಿಲ್ಲ. ಒಂದು ಮೂಲೆಯಿಂದ ಶುರು ಮಾಡಿ, ಅಂಚಿಗುಂಟ ತುಂಡು ಸೇರಿಸ್ತಾ ಹೊಲೀತಾ ಸುತ್ತು ಬರೋದು, ಒಳಗೊಳಗೆ ಹೋಗ್ತಾ ಕೊನೆಗೆ ನಡುವಿಗೆ ಬಂದು ನಿಲ್ಲೋದು. ಮುಗಿದ ಮೇಲೆ ನಾಲ್ಕು ಮೂಲೆಗೆ ಮಡಚಿದ ಸಣ್ಣ ತ್ರಿಕೋನದ ತುಂಡು, ಅದಕ್ಕೆ ಹೂವು ಅಂತಾರೆ. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದ ಕೌದಿಯೇ ಅಲ್ಲ. ನಾನು ಅವರ ಹಾಗೆ ಹೊಲೀತೀನಿ ಅಂತ ಹೇಳಿದ್ರೆ ಅವರಿಗೆ ಅವಮಾನ. ಆದ್ರೆ ಮುಂದಿನ ತುಂಡು ಯಾವುದು ಅಂತ ಮಾತ್ರ ಯೋಚಿಸಿದ್ರೆ ಸಾಕು ಅನ್ನೋ ಆ ದಾರಿ ನನ್ನ ಮಂಜು ತಲೆಗೆ ಒಗ್ಗಿತು. ಒಂದು ದಿನಕ್ಕೆ ಒಂದು ತುಂಡು, ಕೆಲವು ದಿನ ಅದೂ ಇಲ್ಲ.

ಈಗ ಗಂಟಿನ ವಿಷಯ.

2025ರಲ್ಲಿ ನಮ್ಮ ಭಾವನವರ ಮಗಳು ಬಸುರಿ. ಚೊಚ್ಚಲು. ಕುಬಸದ ದಿನ ನಾನೇ ಬಾಯಿಬಿಟ್ಟು, "ಕೂಸಿಗೆ ಕೌದಿ ನಾ ಹೊಲೀತೀನಿ" ಅಂದೆ. ಎಲ್ಲರಿಗೂ ಖುಷಿ. ಮರುದಿನ ಬಟ್ಟೆ ಆರಿಸೋಕೆ ಕೂತಾಗ, ಕಾಯಿಲೆಯ ವರ್ಷ ನಾನು ಉಟ್ಟ ಬಟ್ಟೆಗಳ ಗಂಟು ಹುಡುಕಿದೆ. ಎರಡು ಹಳೇ ಹತ್ತಿ ಸೀರೆ, ಕೂದಲು ಹೋದಾಗ ತಲೆಗೆ ಕಟ್ಟಿಕೊಳ್ಳುತ್ತಿದ್ದ ಸೀರೆ ತುಂಡುಗಳು, ಮಾವನವರ ಆ ಧೋತ್ರ, ಮುಂದೆ ಗುಂಡಿ ಇರುವ ನೈಟಿ ಮೂರು. ನನ್ನಲ್ಲಿದ್ದ ಬಟ್ಟೆಯಲ್ಲೆಲ್ಲ ಅತ್ಯಂತ ಮೆತ್ತಗಿನವು ಅವೇ. ಗಂಟು ಇರಲಿಲ್ಲ. ಹಿತ್ತಲಿನ ಬಚ್ಚಲ ಅಟ್ಟದ ಮೇಲೆ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದು ಸಿಕ್ತು. ನೆಗೆಣ್ಣಿ ಇಟ್ಟಿದ್ದು. ಮುಂದಿನ ಅಮಾವಾಸ್ಯೆಗೆ ಹೊಳೆಗೆ ಬಿಟ್ಟುಬರುವ ಏರ್ಪಾಟಂತೆ.

"ವೈನಿ, ಇದು ಯಾಕ ಇಲ್ಲಿ?"

"ಬ್ಯಾನಿ ಬಿದ್ದಾಗಿನ ಅರಿವಿ ಮನಿಯೊಳಗ ಇಟಗೋಬಾರದವಾ. ಅದೂ ಕೂಸಿಗೆ ಹಾಸ್ತಾರೇನ ಯಾರರೆ?"

ನಾನು ಏನೇನೋ ಅಂದೆ. ಅವರೂ ಅಂದ್ರು. ಬರೆಯೋದು ಬೇಡ. ಹದಿನೈದು ದಿನ ಮಾತಿಲ್ಲ.

ವೈನಿ ಕೆಟ್ಟವರಲ್ಲ. ಆಪರೇಶನ್ ಆದಾಗ ಡ್ರೇನಿನ ಬಾಟಲಿ ಹಿಡಿದು ನನ್ನನ್ನು ಬಚ್ಚಲಿಗೆ ಕರಕೊಂಡು ಹೋದವರು ಅವರೇ. ಹಾಗಾದ್ರೆ ಈ ಮಾತು ಎಲ್ಲಿಂದ ಬಂತು ಅಂತ ಯೋಚಿಸ್ತಾ ಹೋದೆ. ನೆನಪಾಯ್ತು. ಮೊದಲ ಕೀಮೋ ಮುಗಿಸಿ ಹೊರಡುವಾಗ ನರ್ಸ್ ಅವರಿಗೇ ಹೇಳಿದ್ರು: ಎರಡು ದಿನ ಇವರ ಬಟ್ಟೆ ಬೇರೆ ಒಗೀರಿ, ವಾಂತಿ ಮೂತ್ರ ತಾಗಿದ ಬಟ್ಟೆಗೆ ಕೈಗವಸು ಹಾಕಿಕೊಳ್ಳಿ ಅಂತ. ಸರಿಯಾದ ಮಾತೇ. ಔಷಧಿಯ ಅಂಶ ಸುಮಾರು 48 ತಾಸು ಮೈಯಿಂದ ಹೊರಗೆ ಬರ್ತಿರುತ್ತೆ, ಆರೋಗ್ಯವಂತರಿಗೆ ಅದು ತಾಗಬಾರದು. ಒಗೆದ ಮೇಲೆ ಬಟ್ಟೆ ಎಲ್ಲ ಬಟ್ಟೆಯ ಹಾಗೇ. ಆದ್ರೆ ಎರಡು ದಿನ ಅಂದಿದ್ದು ಮನೆಗೆ ಬರೋ ಹೊತ್ತಿಗೆ ಎರಡು ವಾರ ಆಯ್ತು, ಆಮೇಲೆ ಯಾವಾಗಲೂ ಅಂತ ಆಯ್ತು. ಬಟ್ಟೆ ಬೇರೆ, ಬಕೇಟು ಬೇರೆ, ತಟ್ಟೆ ಬೇರೆ. ಕರೆಂಟ್ ಶುರುವಾದ ಮೇಲಂತೂ ಪಕ್ಕದ ಮನೆಯ ಸಣ್ಣ ಹುಡುಗ ನನ್ನ ತೊಡೆ ಮೇಲೆ ಕೂರೋದೂ ನಿಂತಿತು. ಹೊರಗಿನ ಮಷೀನಿನಿಂದ ಕೊಡುವ ರೇಡಿಯೇಶನ್ ಮೈಯಲ್ಲಿ ಉಳಿಯೋದಿಲ್ಲ, ಕೋಣೆಯಿಂದ ಹೊರಗೆ ಬಂದ ಮೇಲೆ ಕೂಸನ್ನೂ ಎತ್ತಿಕೊಳ್ಳಬಹುದು. ಯಾರೂ ಅವರಿಗೆ ಹೇಳಲಿಲ್ಲ. ಹೇಳಬೇಕಾದವಳು ನಾನೇ ಆಗಿದ್ದೆನೇನೋ. ಆಗ ನನಗೆ ಮಾತಾಡುವ ಶಕ್ತಿಯೇ ಇರಲಿಲ್ಲ.

ಕ್ಯಾನ್ಸರ್ ಅಂಟುರೋಗ ಅಲ್ಲ ಅಂತ ವೈನಿಗೂ ಗೊತ್ತು. ಅಂಟುತ್ತೆ ಅಂತ ಅವರು ಹೆದರಿದ್ದಲ್ಲ. ಅಶುಭ ಅಂತ ಹೆದರಿದ್ದು. ಅದಕ್ಕೆ ಡಾಕ್ಟರ ಹತ್ತಿರ ಉತ್ತರ ಇಲ್ಲ. ಕಷ್ಟ ಬಟ್ಟೆಗೆ ಅಂಟಿಕೊಂಡಿರುತ್ತೆ, ಬಟ್ಟೆ ನೀರಿಗೆ ಬಿಟ್ರೆ ಕಷ್ಟವೂ ಹರಿದು ಹೋಗುತ್ತೆ ಅನ್ನೋ ನಂಬಿಕೆ. ನಮ್ಮ ನದಿಗಳ ಸ್ನಾನಘಟ್ಟಗಳಲ್ಲಿ ನೋಡಿ, ಮುಳುಗಿ ಎದ್ದವರು ಬಿಟ್ಟುಹೋದ ಬಟ್ಟೆ ರಾಶಿ ರಾಶಿ. ಎಷ್ಟೋ ಪಾಲು ಪಾಲಿಯೆಸ್ಟರ್, ಅದು ಕೊಳೆಯೋದೂ ಇಲ್ಲ. ಒಬ್ಬರ ಕಷ್ಟ ಕೆಳಗಿನ ಊರಿನವರ ನೀರಿಗೆ!

ಬೇರೆ ಕಡೆ ಜನ ಏನು ಮಾಡಿದ್ದಾರೆ ನೋಡೋಣ ಅಂತ ಹುಡುಕುತ್ತಾ ಓದಿದ ಎರಡು ಸಂಗತಿ ಹೇಳ್ತೀನಿ. ಅಮೆರಿಕದ ಅಲಬಾಮಾದಲ್ಲಿ ಗೀಸ್ ಬೆಂಡ್ ಅಂತ ಒಂದು ಹಳ್ಳಿ, ಗುಲಾಮರಾಗಿದ್ದ ಕಪ್ಪು ಜನರ ಮಕ್ಕಳು ಮೊಮ್ಮಕ್ಕಳ ಊರು. ಅಲ್ಲಿನ ಮಿಸೌರಿ ಪೆಟ್ವೇ ಅನ್ನೋ ಹೆಂಗಸು 1942ರಲ್ಲಿ, ತೀರಿಹೋದ ಗಂಡ ಹೊಲದಲ್ಲಿ ಹಾಕುತ್ತಿದ್ದ ಬಟ್ಟೆಗಳನ್ನೇ ಕತ್ತರಿಸಿ ಕೌದಿ ಹೊಲಿದಳು. ಮಾಸಿದ ನೀಲಿ, ಬೂದು, ಕಂದು. ಅವನ ನೆನಪಿಗೆ ಅದನ್ನೇ ಹೊದ್ದು ಮಲಗೋದಕ್ಕೆ. ಇನ್ನೊಂದು, ಏಡ್ಸ್ ಕೌದಿ. ಏಡ್ಸ್ ಬಂದವರ ಹೆಣ ಮುಟ್ಟೋಕೂ ಜನ ಹೆದರುತ್ತಿದ್ದ ಕಾಲದಲ್ಲಿ, ಸತ್ತವರ ಅಂಗಿ, ಜೀನ್ಸು, ಟೈ ಎಲ್ಲ ಸೇರಿಸಿ ಅವರ ಗೆಳೆಯರು, ತಾಯಂದಿರು ಒಬ್ಬೊಬ್ಬರಿಗೆ ಒಂದೊಂದು ಫಲಕ ಹೊಲಿದರು. ಮೂರು ಅಡಿಗೆ ಆರಡಿ, ಗೋರಿಯ ಅಳತೆ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ಬಯಲಲ್ಲಿ ಮೊದಲ ಸಲ ಹಾಸಿದಾಗ 1,920 ಫಲಕ ಇದ್ದವು. ಈಗ ಸುಮಾರು 50,000 ಆಗಿವೆ. ಜನ ಮುಟ್ಟಲು ಹೆದರಿದವರ ಬಟ್ಟೆಯನ್ನೇ ನಡುಬಯಲಿಗೆ ತಂದು ಹರಡಿದ್ದು ನನಗೆ ಬಹಳ ಹಿಡಿಸಿತು.

ಅಷ್ಟು ದೂರ ಯಾಕೆ, ನಮ್ಮ ಕೌದಿಗಳಲ್ಲಿ ಇರೋದೇ ಏನು? ಅಜ್ಜನ ಧೋತ್ರ ಯಾವಾಗ ಕೌದಿಗೆ ಬರುತ್ತೆ? ಅಜ್ಜ ಉಡೋದು ಬಿಟ್ಟ ಮೇಲೆ ತಾನೇ! ನಾನು ಸುಟ್ಟ ಮೈಗೆ ಹೊದ್ದ ಧೋತ್ರ ಮಾವನವರದು, ಅವರು ಹೋಗಿ ಒಂಬತ್ತು ವರ್ಷ ಆಗಿತ್ತು. ಅದನ್ನು ಟ್ರಂಕಿನಲ್ಲಿ ಮಡಚಿಟ್ಟವರು ಇದೇ ವೈನಿ. ಸತ್ತವರ ಬಟ್ಟೆ ಮನೆಯಲ್ಲಿ ಇರಬಹುದು, ಬದುಕಿ ಎದ್ದು ಬಂದವಳ ಬಟ್ಟೆ ಇರಬಾರದು. ಇದು ಯಾವ ನ್ಯಾಯ? ವರ್ಷಗಟ್ಟಲೆ ಮಲಗಿ ತೀರಿಕೊಂಡ ಮುತ್ತಜ್ಜಿಯರ ಪತ್ತಲ ನಮ್ಮ ಎಷ್ಟು ಕೌದಿಗಳ ಒಳಪದರದಲ್ಲಿದೆಯೋ, ಬಿಚ್ಚಿ ನೋಡಿದವರು ಯಾರು?

ಹಾಗಂತ ಎಲ್ಲರೂ ಆಸ್ಪತ್ರೆ ಬಟ್ಟೆ ಜೋಪಾನ ಮಾಡಿ ಅಂತ ನಾನು ಹೇಳ್ತಿಲ್ಲ. ಗಂಟು ಬಿಚ್ಚಿದಾಗ ಮೂರು ನೈಟಿಯಲ್ಲಿ ಒಂದನ್ನು ನಾನೇ ಮುಟ್ಟಲಿಲ್ಲ. ಹಳದಿ ಹೂವಿನದು. ಮೂರನೇ ಕೀಮೋ ಆದ ರಾತ್ರಿ ಅದನ್ನು ಹಾಕಿಕೊಂಡೇ ಬಚ್ಚಲಲ್ಲಿ ಬಿದ್ದಿದ್ದು, ಇನ್ನು ಸಾಕು ಅಂತ ಅಂದುಕೊಂಡಿದ್ದು. ಅದನ್ನು ಕತ್ತರಿಸಿ ಒರೆಸೋ ಬಟ್ಟೆನೂ ಮಾಡಲಿಲ್ಲ, ಕಸದ ಗಾಡಿಗೆ ಹಾಕಿದೆ. ನಾನೇ ಹಾಕಿದೆ, ಅದೇ ಮುಖ್ಯ. ವಾರ್ಡಿನ ಆ ಹಸಿರು ಸೀರೆಯವರು ಎಲ್ಲವನ್ನೂ ಸುಟ್ಟರಂತೆ, ಸುಟ್ಟು ನಿದ್ದೆ ಬಂತಂತೆ. ಸರಿಯೇ. ಅವರ ಬಟ್ಟೆ, ಅವರು ಸುಟ್ಟರು. ಚೇತರಿಸಿಕೊಂಡವಳು ಮಲಗಿದ್ದಾಗ ಅವಳಿಗೆ ಹೇಳದೆ ಗಂಟು ಕಟ್ಟಿ ಅಟ್ಟಕ್ಕೆ ಹಾಕೋದಿದೆಯಲ್ಲ, ನನ್ನ ತಕರಾರು ಅದಕ್ಕೆ. ಮೈಯ ಒಂದು ಭಾಗ ತೆಗೆಯುವಾಗಲೂ ಸಹಿ ಕೇಳಿದ್ರು ಸ್ವಾಮಿ, ಸೀರೆಗೆ ಕೇಳಬಾರದೇ?

ಹಾಗೆ ನೋಡಿದ್ರೆ ಕೂಸೂ ನನ್ನದಲ್ಲ. ಇದು ತಡವಾಗಿ ಹೊಳೆದಿದ್ದು. ನನ್ನ ಬಟ್ಟೆಗೆ ನಾನು ಯಜಮಾನಿ ಅಂದ್ರೆ, ಆ ಕೂಸಿನ ಮೈಮೇಲೆ ಏನಿರಬೇಕು ಅನ್ನೋದು ಅದರ ತಾಯಿಯ ಮಾತು. ಹುಡುಗಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಯಾವ ಬಟ್ಟೆ, ಯಾವಾಗಿನದು, ಏನು ಆಗಿತ್ತು, ಒಗೆದಿದ್ದು ಹೇಗೆ. "ಬ್ಯಾಡ ಅಂದ್ರ ಬ್ಯಾಡವಾ, ನನಗ ಸಿಟ್ಟಿಲ್ಲ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ಲು. ಆಮೇಲೆ, "ಕಾಕು, ಅಜ್ಜನ ಧೋತ್ರ ಹಾಕು. ನೀ ತಲಿಗೆ ಕಟಗೋತಿದ್ದೆಲ್ಲ ನೀಲಿ ಸೀರಿ, ಅದನ್ನೂ ಹಾಕು. ನೈಟಿ ಬ್ಯಾಡ" ಅಂದ್ಲು. ಯಾಕೆ ಬೇಡ ಅಂತ ನಾನು ಕೇಳಲಿಲ್ಲ. ಅವಳು ಹೇಳಲೂ ಇಲ್ಲ. ಸ್ವಲ್ಪ ನೋವಾಯ್ತು ಅಂತ ಸುಳ್ಳು ಹೇಳದೆ ಬರೀತೀನಿ. ಆದ್ರೆ ಕೇಳಿದ್ದು ಒಳ್ಳೇದೇ ಆಯ್ತು.

ಬಟ್ಟೆಯನ್ನು ಬಿಸಿನೀರಲ್ಲಿ ನೆನೆಹಾಕಿ ಒಗೆದು, ಮಾಳಿಗೆ ಮೇಲೆ ಎರಡು ದಿನ ಕಟ್ಟಾ ಬಿಸಿಲಿಗೆ ಹಾಕಿದೆ. ಎರಡನೇ ದಿನ ಸಂಜೆ ಮೋಡ ಆಗಿತ್ತು. ನಾನು ಮಲಗಿದ್ದೆ. ಎದ್ದು ಓಡಿ ಮೇಲೆ ಹೋದ್ರೆ ಹಗ್ಗ ಖಾಲಿ. ಎದೆ ಧಸಕ್ಕೆಂದಿತು. ಕೆಳಗೆ ಬಂದು ನೋಡಿದ್ರೆ ವೈನಿ ತಂದು ಮಡಚಿ ನನ್ನ ಹೊಲಿಗೆ ಚಾಪೆ ಮೇಲೆ ಇಟ್ಟಿದ್ರು. ಏನೂ ಅನ್ನಲಿಲ್ಲ. ಚಹಾಕ್ಕೆ ಕರೆದ್ರು, ಹೋದೆ.

ಕೂಸಿನ ಕೌದಿ ಮೂರಡಿಗೆ ಎರಡೂವರೆ. ಒಳಗೆ ಧೋತ್ರ ಎರಡು ಪದರ, ಕೆಳಗೆ ನೀಲಿ ಸೀರೆ, ಮೇಲೆ ಮನೆಯವರೆಲ್ಲರ ತುಂಡು. ಅದರಲ್ಲಿ ವೈನಿಯ ಒಂದು ಹಳೇ ಸುಂಗಡಿ ಸೀರೆಯದೂ ಇದೆ, ಅವರೇ ಕೊಟ್ಟಿದ್ದು. ಬೆರಳ ಜೋಮು ಮುಕ್ಕಾಲು ಪಾಲು ಕಡಿಮೆಯಾಗಿದೆ. ಸೂಜಿಗೆ ದಾರ ಪೋಣಿಸೋಕೆ ಮಾತ್ರ ಇನ್ನೂ ನಮ್ಮವರೇ ಬೇಕು. ಬೆಳಿಗ್ಗೆ ಆಫೀಸಿಗೆ ಹೋಗೋ ಮುಂಚೆ ಹತ್ತು ಸೂಜಿಗೆ ಪೋಣಿಸಿ ದಿಂಬಿಗೆ ಚುಚ್ಚಿಟ್ಟು ಹೋಗ್ತಾರೆ. ನನ್ನ ಹೊಲಿಗೆ ಮೊದಲಿನ ಹಾಗೆ ನೇರ ಇಲ್ಲ, ಸಾಲು ಎಲ್ಲೆಲ್ಲೋ ಹೊರಟು ವಾಪಸ್ ಬರುತ್ತೆ. ಮೂರು ಮೂಲೆಗೆ ಹೂವು ಆಗಿದೆ. ನಾಲ್ಕನೆಯದಕ್ಕೆ ಮೊನ್ನೆ ಖಣದ ಡಬ್ಬಿ ತೆಗೆದೆ. ಕೆಂಪಿನ ಒಂದು ಸಣ್ಣ ತುಂಡು, ಎರಡು ಬೆರಳಗಲ, ಹೊರಗೆ ತೆಗೆದು ಕಿಟಕಿ ಕಟ್ಟೆ ಮೇಲೆ ಇಟ್ಟಿದ್ದೀನಿ. ನಾಳೆ ನೋಡಿದಾಗ ಹೊಟ್ಟೆ ತೊಳಸದಿದ್ರೆ ಹಾಕ್ತೀನಿ. ಇಲ್ಲದಿದ್ರೆ ಹಸಿರು ಹೇಗೂ ಇದೆ.